ಲೈಫ್ ರಾಫ್ಟ್ ಡೆಕ್ ಮೇಲೋ ಲಾಕರ್ ಒಳಗೋ?

ಸಾರ್, ಕೊಚ್ಚಿಯಲ್ಲಿ ಗೆಳೆಯರ ಜೊತೆ ಕೊಂಡಿರೋ 34 ಅಡಿ ಹಾಯಿದೋಣಿಗೆ ನಾಲ್ಕು ಜನರ ಲೈಫ್ ರಾಫ್ಟ್ (ದೋಣಿ ಮುಳುಗಿದರೆ ಹತ್ತೋ, ಗಾಳಿ ತುಂಬಿಕೊಳ್ಳೋ ತೆಪ್ಪ) ಎಲ್ಲಿಡಲಿ, ಮುಂದಿನ ಡೆಕ್ಕೋ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರೋ ಜಾಗ) ಲಾಕರ್ರೋ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಹಿಂಭಾಗದ ಕಂಬಿಗೆ ಸ್ಟೀಲ್ ಸ್ಟ್ಯಾಂಡ್ ಮಾಡಿಸಿ.

ಮೊದಲು ನಿಮ್ಮ ರಾಫ್ಟು ಬ್ಯಾಗಿನದೋ, ಫೈಬರ್ ಡಬ್ಬಿಯದೋ ನೋಡಿ. ನಾನು ಹೇಳಿದ ಸ್ಟ್ಯಾಂಡು ಡಬ್ಬಿಯದಕ್ಕೆ. ಬ್ಯಾಗಿನದು ಬಿಸಿಲು, ಉಪ್ಪುನೀರು ತಡೆಯಲ್ಲ, ಅದಕ್ಕೆ ಲಾಕರ್ರೇ ಗತಿ. ಆದರೆ ಅದರ ಮೇಲೆ ಹಗ್ಗ, ಫೆಂಡರ್, ಬಕೆಟ್ಟು ಪೇರಿಸಿದಿರೋ, ಕಥೆ ಮುಗೀತು. ಸಾಗರ ರೇಸುಗಳ ನಿಯಮದ ಪ್ರಕಾರ 15 ಸೆಕೆಂಡಿನಲ್ಲಿ ರಾಫ್ಟು ಡೆಕ್ಕಿನ ಅಂಚಿಗೆ ಬರಬೇಕು. ಸಾಮಾನ್ಯವಾಗಿ 30 ಕಿಲೋ ಆಸುಪಾಸು ತೂಗುತ್ತೆ. ಮನೆಯಲ್ಲೇ 25 ಕಿಲೋ ಅಕ್ಕಿ ಮೂಟೇನ ಮಂಡಿಯ ಕೆಳಗಿಂದ ಎದೆಮಟ್ಟಕ್ಕೆ ಎತ್ತಿ ನೋಡಿ, ನಿಮ್ಮ ಮನೆಯವರ ಕೈಲೂ ಎತ್ತಿಸಿ. ಅದೂ ನೆಲ ಅಲುಗಾಡದ ಜಾಗದಲ್ಲಿ!

ಮುಂದಿನ ಡೆಕ್ಕಿನಲ್ಲಿ ದೊಡ್ಡ ಅಲೆ ಬಡಿದರೆ ಡಬ್ಬೀನೇ ಕಿತ್ತುಕೊಂಡು ಹೋಗಬಹುದು, ಬಿರುಗಾಳಿಯಲ್ಲಿ ಅಲ್ಲಿಗೆ ತೆವಳಿಕೊಂಡು ಹೋಗೋದೂ ಅಪಾಯ.

ಹಿಂದೆ ಕೂರಿಸಿದರೂ ರಾಫ್ಟಿನ ಹಗ್ಗವನ್ನ ಆ ತೆಳು ಕಂಬಿಗೆ ಕಟ್ಟಬೇಡಿ, ದೋಣಿಯ ಗಟ್ಟಿ ಕೊಂಡಿಗೇ ಕಟ್ಟಿ. ಹೈಡ್ರೋಸ್ಟಾಟಿಕ್ ರಿಲೀಸ್ (ನೀರಿನ ಒತ್ತಡಕ್ಕೆ ಬಿಚ್ಚಿಕೊಳ್ಳೋ ಸಾಧನ) ಹಾಕಿಸೋದಾದರೆ, ಅದು ದೋಣಿ ಮುಳುಗಿ ಸುಮಾರು 1.5ರಿಂದ 4 ಮೀಟರ್ ಆಳದಲ್ಲಿ ರಾಫ್ಟನ್ನ ತಾನೇ ಬಿಡಿಸುತ್ತೆ. ಅದರ ಹಗ್ಗ ಕಟ್ಟೋ ಕ್ರಮವೇ ಬೇರೆ, ತಯಾರಕರ ಚಿತ್ರ ನೋಡಿಯೇ ಕಟ್ಟಿ.

ವರುಣ ಕೆರೆಯಲ್ಲಿ ಆಡೋ ಪುಟ್ಟ ದೋಣಿಗೂ ರಾಫ್ಟು ಬೇಕಾ ಅಂದಿದ್ರಿ. ಬೇಡ ಸಾರ್, ಅಲ್ಲಿಗೆ ಲೈಫ್ ಜಾಕೆಟ್ ಸಾಕು. ಮೈಮೇಲಿರಲಿ, ಸೀಟಿನ ಕೆಳಗಲ್ಲ.