ಕೊಡಗಿಗೆ ಹೋಗುವ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗಬೇಕಾ?

ಬೇಡ. ಚಟ್ನಿಪುಡಿ ಡಬ್ಬ, ಉಪ್ಪಿಟ್ಟಿನ ಪ್ಯಾಕೆಟ್, ಯಾವುದೂ ಬೇಡ. ನೀವು, ನಿಮ್ಮ ಅಮ್ಮ ಇಬ್ಬರೂ ಸಸ್ಯಾಹಾರಿಗಳು, ಅಲ್ಲಿ ಹಂದಿ ಮಾಂಸ ಬಿಟ್ಟರೆ ಏನೂ ಸಿಗಲ್ಲ ಎಂದು ಎಲ್ಲರೂ ಹೆದರಿಸಿದ್ದಾರೆ, ಅದಕ್ಕೆ ಪ್ಯೂರ್ ವೆಜ್ ಹೋಟೆಲ್‌ಗಳ ಪಟ್ಟಿ ಕೇಳಿದ್ದೀರಿ. ಪಟ್ಟಿ ನಾನು ಕೊಡಲ್ಲ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಎಲ್ಲ ಕಡೆ ಇಡ್ಲಿ ದೋಸೆ ಹೋಟೆಲ್ ಇವೆ, ಬಸ್ ಇಳಿದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅದೇ ಇಡ್ಲಿ ತಿನ್ನೋಕೆ ಅಷ್ಟು ದೂರ ಯಾಕೆ ಹೋಗಬೇಕು?

ನಾನು ದಾವಣಗೆರೆ ಕಡೆಯವಳು. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಟೀಚರ್ ಕೆಲಸ ಸಿಕ್ಕಿ ಕೊಡಗಿನ ನಾಪೋಕ್ಲು ಹತ್ತಿರದ ಶಾಲೆಗೆ ಹಾಕಿದಾಗ ಅಮ್ಮ ಎರಡು ದಿನ ಕೂತು ಖಡಕ್ ರೊಟ್ಟಿ ಬಡಿದು ಕೊಟ್ಟರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಚೀಲ ಮಂಡಕ್ಕಿ. ಮಗಳು ಎಲ್ಲಿ ಉಪವಾಸ ಬೀಳ್ತಾಳೋ ಅನ್ನೋ ಭಯ ಅವರಿಗೆ. ಆ ಭಯ ನನಗೂ ಇತ್ತು.

ಬಾಡಿಗೆ ಮನೆ ಒಂದು ಕಾಫಿ ತೋಟದ ಅಂಚಿನಲ್ಲಿ. ಪಕ್ಕದಲ್ಲೇ ಒಂದು ಕೊಡವ ಕುಟುಂಬ. ಆಂಟಿ, ಅಂಕಲ್, ಅಂಕಲ್ ಅವರ ತಾಯಿ. ನಾನು ಹೋದ ಮೊದಲ ವಾರದಲ್ಲೇ ಆಂಟಿ ಬೇಲಿ ಹತ್ತಿರ ನಿಂತು, "ಟೀಚರ್, ಭಾನುವಾರ ನಮ್ಮಲ್ಲೇ ಊಟಕ್ಕೆ ಬನ್ನಿ" ಎಂದರು. ನಾನು, "ಅಯ್ಯೋ, ನಾನು ವೆಜ್ ಆಂಟಿ, ಸುಮ್ನೆ ನಿಮಗೆ ತೊಂದರೆ" ಎಂದೆ. ಅವರು, "ವೆಜ್ಜೇ ಮಾಡ್ತೇನೆ" ಎಂದರು. ನಾನು ಮತ್ತೆ, "ಬೇಡ ಬೇಡ, ನಾನು ಮೊಸರನ್ನ ತಿನ್ನೋಳು, ನನಗೋಸ್ಕರ ಏನೂ ಮಾಡಬೇಡಿ" ಎಂದು ಕೈ ಮುಗಿದೆ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಕೇಳಿದ ಪ್ರಶ್ನೆಯಲ್ಲೂ ಇದೇ ಇದೆ.

ನಾನು ಬೇಡ ಎಂದದ್ದು ಮರ್ಯಾದೆಗೆ. ನಮ್ಮ ಕಡೆ ಇನ್ನೊಬ್ಬರ ಮನೆಗೆ ಹೋದರೆ ಮೊದಲು ಬೇಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಆಮೇಲೆ ಕೂರಬೇಕು. ಆದರೆ ನಾನು ಒತ್ತಾಯಕ್ಕೂ ಜಾಗ ಬಿಡಲಿಲ್ಲ. ಅವರ ಅಡುಗೆಮನೆಯಲ್ಲಿ ನಾನು ತಿನ್ನುವಂಥದ್ದು ಏನಿದೆ ಎಂದು ಒಂದೇ ಒಂದು ಸಲ ಕೇಳಲಿಲ್ಲ. ಏನೂ ಇರಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕರೆದರು, ಬೇಡ ಎಂದೆ. ಪುತ್ತರಿ ಹಬ್ಬಕ್ಕೆ ಕರೆದರು, ಊರಿಗೆ ಹೋಗ್ತೀನಿ ಎಂದೆ. ಮಳೆಗಾಲದಲ್ಲಿ ಒಂದು ಸ್ಟೀಲ್ ಡಬ್ಬದಲ್ಲಿ ಏನೋ ತಂದುಕೊಟ್ಟರು. ಕಪ್ಪು ಕಪ್ಪಾದ ಮಸಾಲೆ. ನೋಡಿದ ತಕ್ಷಣ ಮಾಂಸ ಎಂದುಕೊಂಡೆ. ಕೇಳೋಕೆ ಮುಜುಗರ. ಮುಚ್ಚಳ ಹಾಕಿ ವಾಪಸ್ ಕೊಟ್ಟೆ. ಅದು ಅಣಬೆ ಎಂದು ಗೊತ್ತಾಗಿದ್ದು ಬಹಳ ಆಮೇಲೆ. ಹುತ್ತದ ಬದಿಯಲ್ಲಿ ಎದ್ದ ಅಣಬೆಯನ್ನು ಬೆಳಗಿನ ಜಾವ ಮಳೆಯಲ್ಲಿ ಹೋಗಿ ಕಿತ್ತು ತಂದಿದ್ದರಂತೆ.

ಆಮೇಲೆ ಅವರು ಕರೆಯುವುದು ನಿಲ್ಲಿಸಿದರು. ಬೇಲಿ ಹತ್ತಿರ ಮಾತು, ನಗು ಎಲ್ಲ ಇತ್ತು. ಊಟದ ಮಾತು ಮಾತ್ರ ಬರುತ್ತಿರಲಿಲ್ಲ. ನಾನು ದಿನಾ ಅನ್ನ, ಸಾರು, ಮೊಸರು. ಶನಿವಾರ ಮಡಿಕೇರಿಗೆ ಹೋದರೆ ಮಸಾಲೆ ದೋಸೆ, ರಾತ್ರಿಗೆ ಪನೀರ್ ಬಟರ್ ಮಸಾಲ. ಕೆಲವು ವರ್ಷ ಹೀಗೇ ಹೋಯಿತು. ಹೊರಗೆ ತಿನ್ನೋದು, ಹೊಸ ರುಚಿ ಹುಡುಕೋದು ಎಂದರೆ ನನಗೆ ಪ್ರಾಣ. ಬೆಂಗಳೂರಿಗೆ ಹೋದರೆ ಗಾಂಧಿ ಬಜಾರ್ ಸುತ್ತುತ್ತೇನೆ, ಉಡುಪಿಗೆ ಹೋದರೆ ಗೋಳಿಬಜೆ, ಮೂಡೆ ಹುಡುಕುತ್ತೇನೆ. ಅಂಥವಳು ಕೊಡಗಿನಲ್ಲಿ ಇದ್ದುಕೊಂಡು ಕೊಡಗಿನ ಒಂದು ತುತ್ತೂ ತಿನ್ನಲಿಲ್ಲ.

ಒಂದು ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಬಂತು. ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುವ ದಿನ. ಆಂಟಿ ಬಾಗಿಲಿಗೇ ಬಂದರು. "ಇವತ್ತು ನಮ್ಮ ಮನೆಯಲ್ಲೂ ವೆಜ್ಜೇ ಟೀಚರ್. ಈಗ ಏನು ನೆವ ಹೇಳ್ತೀರಿ?" ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಹೋದೆ. ಆ ಹಬ್ಬಕ್ಕೆ ಕೊಡವರ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ದೋಸೆ ಮತ್ತು ಕುಂಬಳಕಾಯಿ ಕರಿ. ಸಿಹಿಗುಂಬಳ ಅಲ್ವಾ, ಅದರಲ್ಲೇನಿದೆ ಎಂದುಕೊಂಡಿದ್ದೆ. ಆದರೆ ಆ ಕಾಯಿ ಬೆಂದು ಅರ್ಧ ಕರಗಿತ್ತು. ಮೇಲೆ ಸಾಸಿವೆ, ಕೆಂಪು ಮೆಣಸು, ಬೆಳ್ಳುಳ್ಳಿಯ ಒಗ್ಗರಣೆ. ಸಿಹಿ, ಖಾರ ಎರಡೂ ಒಟ್ಟಿಗೆ ಬಂದು, ಹಿಂದೆಯೇ ಕಾಳುಮೆಣಸಿನ ಬಿಸಿ ಗಂಟಲಿಗೆ ತಾಗಿತು. ಮೃದುವಾದ ದೋಸೆಯಲ್ಲಿ ಬಳಿದು ಬಳಿದು ತಿಂದೆ. ಕೊನೆಗೆ ಬೆಲ್ಲದ ಕರಿ ಕಾಫಿ.

ಊಟ ಆದ ಮೇಲೆ ಅಜ್ಜಿ ಮೆಲ್ಲಗೆ ಹೇಳಿದರು: "ನಮ್ಮ ಪಾತ್ರೆಯಲ್ಲಿ ನೀವು ತಿನ್ನಲ್ಲ ಅಂತ ಅಂದುಕೊಂಡಿದ್ದೆವು."

ನನಗೆ ಈಗಲೂ ನೋವಾಗುವುದು ಈ ಮಾತಿಗೆ. ತೊಂದರೆ ಕೊಡಬಾರದು ಎಂದು ನಾನು ಮಾಡಿದ್ದು, ಅವರಿಗೆ ಬೇರೆ ಥರ ಕಂಡಿತ್ತು. ತಪ್ಪು ಅವರದ್ದಲ್ಲ. ಎದುರಿನವರು ಡಬ್ಬ ಮುಚ್ಚಿ ವಾಪಸ್ ಕೊಟ್ಟರೆ ಯಾರಿಗಾದರೂ ಹಾಗೇ ಅನಿಸುತ್ತದೆ. ನಾನು ಬಾಯಿ ಬಿಟ್ಟು, "ಆಂಟಿ, ಇದರಲ್ಲಿ ಏನಿದೆ?" ಎಂದು ಕೇಳಿದ್ದರೆ ಸಾಕಿತ್ತು.

ಆಮೇಲೆ ನಾನು ಬಿಡಲಿಲ್ಲ. ಆ ವರ್ಷದ ಪುತ್ತರಿಗೆ ಅಲ್ಲೇ ಉಳಿದೆ. ಹೊಸ ಭತ್ತದ ಕದಿರು ತರುವ ಹಬ್ಬ ಅದು. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ, ದಿನ ಮುಹೂರ್ತ ಗೊತ್ತು ಮಾಡುವುದು ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಹಣ್ಣು ಬಾಳೆಯನ್ನು ಹುರಿದ ಅಕ್ಕಿಹಿಟ್ಟಿನ ಜೊತೆ ಕಿವುಚಿ ಮಾಡಿದ ತಂಬುಟ್ಟು, ಮೇಲೆ ತುಪ್ಪ, ಕಾಯಿತುರಿ, ಎಳ್ಳು. ಜೊತೆಗೆ ಬೇಯಿಸಿದ ಪುತ್ತರಿ ಗೆಣಸು. ಏಪ್ರಿಲ್‌ನಲ್ಲಿ ಕಾಡುಮಾವಿನ ಕರಿ ತಿಂದೆ. ನಿಂಬೆಹಣ್ಣಿನಷ್ಟು ಗಾತ್ರದ ಹಣ್ಣನ್ನು ಸಿಪ್ಪೆ ತೆಗೆದು ಇಡಿಯಾಗಿ ಬೆಲ್ಲ, ಮೆಣಸಿನ ಜೊತೆ ಬೇಯಿಸುತ್ತಾರೆ. ಗೊರಟು ಚೀಪದೆ ಅದನ್ನು ತಿನ್ನೋಕಾಗಲ್ಲ. ಚಮಚ ಪಕ್ಕಕ್ಕಿಡಿ.

ಜೂನ್‌ಗೆ ವರ್ಗಾವಣೆ ಆಯಿತು. ಮಳೆ ಶುರುವಾಗುವ ಹೊತ್ತಿಗೆ ನಾನು ಊರು ಬಿಟ್ಟಿದ್ದೆ. ಕೊಡಗಿನ ಸಸ್ಯಾಹಾರದ ಅರ್ಧಕ್ಕಿಂತ ಹೆಚ್ಚು ರುಚಿ ಇರುವುದೇ ಮಳೆಗಾಲದಲ್ಲಿ. ಕಳಲೆ (ಎಳೆ ಬಿದಿರು), ಅಣಬೆ, ಕೆಸು, ಮರಗೆಸುವಿನ ಪತ್ರೊಡೆ. ಗೋಡೆಯಾಚೆ ಸಿಗುತ್ತಿದ್ದದ್ದನ್ನು ತಿನ್ನೋಕೆ ಈಗ ರಜೆ ಹಾಕಿ, ಬಸ್ ಹತ್ತಿ, ಹೋಂಸ್ಟೇಗೆ ದುಡ್ಡು ಕೊಟ್ಟು ಹೋಗುತ್ತೇನೆ.

ಈಗ ನಿಮ್ಮ ವಿಷಯ. ಹೋಟೆಲ್ ಪಟ್ಟಿ ಬಿಡಿ, ಒಂದು ಹೋಂಸ್ಟೇ ಹಿಡಿಯಿರಿ. ಮನೆಯವರೇ ಅಡುಗೆ ಮಾಡುವ ಜಾಗ ಆಗಬೇಕು. ಬುಕ್ ಮಾಡುವಾಗ "ವೆಜ್ ಇದೆಯಾ?" ಎಂದು ಮಾತ್ರ ಕೇಳಬೇಡಿ. ಇದೆ ಅನ್ನುತ್ತಾರೆ, ಹೋದಾಗ ಜೀರಾ ರೈಸ್, ಪನೀರ್ ಇಡುತ್ತಾರೆ. ಪ್ರವಾಸಿಗಳು ಅದನ್ನೇ ಕೇಳುತ್ತಾರೆ, ಅವರು ಅದನ್ನೇ ಮಾಡುತ್ತಾರೆ. "ಈಗ ನಿಮ್ಮ ಮನೆಯಲ್ಲಿ ನೀವು ತಿನ್ನುವ ತರಕಾರಿ ಕರಿ ಯಾವುದು? ನಮಗೂ ಅದನ್ನೇ ಮಾಡಿಕೊಡಿ" ಎಂದು ಹೇಳಿ. ಮೂರು ನಾಲ್ಕು ದಿನ ಮುಂಚೆಯೇ ಹೇಳಿ. ಇದು ಸುಮ್ನೆ ಹೇಳುತ್ತಿಲ್ಲ. ಕಳಲೆಯನ್ನೇ ತಗೊಳ್ಳಿ. ಎಳೆ ಬಿದಿರಿನಲ್ಲಿ ವಿಷದ ಅಂಶ ಇರುತ್ತದೆ, ಹಸಿಯಾಗಿ ತಿಂದರೆ ಸಯನೈಡ್ ಆಗುವಂಥದ್ದು. ಅದನ್ನು ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿ ಹಾಕಿಟ್ಟು, ದಿನಾ ನೀರು ಚೆಲ್ಲಿ ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಆ ನೀರಿನ ಹುಳಿ ವಾಸನೆ ಮೊದಲ ಸಲ ಮೂಗಿಗೆ ಬಡಿದರೆ ಹಿಂದೆ ಸರಿಯಬೇಡಿ. ಕರಿ ಆಗಿ ಬಂದಾಗ ಆ ವಾಸನೆಯೇ ರುಚಿ. ಮಧ್ಯಾಹ್ನ ಹೋಗಿ ಇಳಿದು ರಾತ್ರಿಗೆ ಬೈಂಬಳೆ ಕರಿ, ಅಂದರೆ ಕಳಲೆಯ ಕರಿ, ಬೇಕು ಎಂದರೆ ಯಾರು ಮಾಡಿಕೊಡೋಕಾಗುತ್ತೆ?

ಕರಿಯ ಜೊತೆ ಕಡಂಬುಟ್ಟು ಕೇಳಿ. ಅಕ್ಕಿ ತರಿಯನ್ನು ಬೇಯಿಸಿ, ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸುತ್ತಾರೆ. ಪಂದಿ (ಹಂದಿ ಮಾಂಸ) ಕರಿಗೇ ಅದು ಜೋಡಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅಣಬೆ ಕರಿಯ ಜೊತೆ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಬೆಳಿಗ್ಗೆಗೆ ಅಕ್ಕಿ ಶಾವಿಗೆಯಾದ ನೂಲ್‌ಪುಟ್ಟು, ಬೆಲ್ಲ ಹಾಕಿದ ಕಾಯಿಹಾಲು. ಇಲ್ಲವೇ ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಪಾಪುಟ್ಟು, ಇಲ್ಲವೇ ಅಕ್ಕಿ ಒಟ್ಟಿ. ಒಟ್ಟಿ ಎಂದರೆ ರೊಟ್ಟಿ, ಅದಕ್ಕೆ ಅನ್ನವನ್ನೂ ಅಕ್ಕಿಹಿಟ್ಟನ್ನೂ ಸೇರಿಸಿ ನಾದುತ್ತಾರೆ. ಹೆಂಚಿನಿಂದ ತೆಗೆದು ಕೆಂಡದ ಮೇಲಿಟ್ಟರೆ ಉಬ್ಬುತ್ತದೆ. ತುಪ್ಪ, ಜೇನು ಹಾಕಿ ತಿನ್ನಿ. ನಮ್ಮ ರೊಟ್ಟಿ ತಿಂದು ಬೆಳೆದ ನನಗೆ ಇದು ಇಷ್ಟ ಆಗುತ್ತೆ ಎಂದು ನಾನೇ ನಂಬಿರಲಿಲ್ಲ.

ಕಾಚಂಪುಳಿ ಕಂಡರೆ ಹೆದರಬೇಡಿ. ಹಂದಿ ಮಾಂಸಕ್ಕೆ ಹಾಕುತ್ತಾರೆ ಎಂದು ಎಷ್ಟೋ ಸಸ್ಯಾಹಾರಿಗಳು ಅದನ್ನು ಮುಟ್ಟಲ್ಲ. ಅದು ಹಣ್ಣಿನ ರಸ, ಅಷ್ಟೇ. ಉಪ್ಪಾಗೆ ಜಾತಿಯ ಹುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಹಾಕಿ, ಸೋರುವ ರಸವನ್ನು ಕಪ್ಪಗಾಗುವ ತನಕ ಕುದಿಸಿ ಇಳಿಸುತ್ತಾರೆ. ನಾನು ಮಾಂಸ ಎಂದು ವಾಪಸ್ ಕೊಟ್ಟ ಆ ಡಬ್ಬದ ಕಪ್ಪು ಬಣ್ಣ ಇದರದ್ದು, ಜೊತೆಗೆ ಹುರಿದ ಮಸಾಲೆಯದ್ದು. ಬಾಟಲಿ ಮಡಿಕೇರಿ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಡೆಕಾಯಿ ಪಲ್ಯಕ್ಕೆ ಅರ್ಧ ಚಮಚ ಹಾಕಿ ನೋಡಿ. ಜಾಸ್ತಿ ಹಾಕಬೇಡಿ, ಹಲ್ಲು ಜುಂ ಅನ್ನುತ್ತದೆ.

ಆಗಸ್ಟ್ ಮೊದಲ ವಾರ ಹೋಗುವುದಾದರೆ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಸಿಗುತ್ತದೆ, ಸಾಮಾನ್ಯವಾಗಿ ಆಗಸ್ಟ್ 3ರಂದು. ಮದ್ದು ಸೊಪ್ಪಿನ ರಸದಲ್ಲಿ ಅಕ್ಕಿ ಬೇಯಿಸಿ ಪಾಯಸ, ಪುಟ್ಟು ಮಾಡುತ್ತಾರೆ. ಗಾಢ ನೇರಳೆ ಬಣ್ಣ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರಿರುತ್ತದೆ ಎನ್ನುವುದು ಅಲ್ಲಿಯವರ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಅಮ್ಮನಿಗೆ ಮೊದಲೇ ಹೇಳಿಡಿ, ಗಾಬರಿ ಆಗ್ತಾರೆ.

ಇನ್ನು ನಿಮ್ಮ ಅಮ್ಮ ಮಾಂಸ ಬೇಯಿಸುವ ಅಡುಗೆಮನೆಯದ್ದು ತಿನ್ನಲ್ಲ ಎನ್ನುವವರಾದರೆ, ಅದನ್ನು ಫೋನಿನಲ್ಲೇ ನೇರವಾಗಿ ಹೇಳಿ. ಅದು ಅವಮಾನ ಅಲ್ಲ. ನನ್ನ ಹಾಗೆ ಸುತ್ತಿ ಬಳಸಿ ಹೇಳಿದರೆ ಅವಮಾನ ಆಗುತ್ತದೆ. ಪಾತ್ರೆ ಬೇರೆ ಇಡುತ್ತೇವೆ ಎನ್ನುವವರು ಇದ್ದಾರೆ, ಆಗಲ್ಲ ಎಂದು ಪ್ರಾಮಾಣಿಕವಾಗಿ ಹೇಳುವವರೂ ಇದ್ದಾರೆ. ಆಗಲ್ಲ ಎಂದರೆ ಪಾಡಿ ಇಗ್ಗುತ್ತಪ್ಪನ ದರ್ಶನ ಮಾಡಿ ಮಧ್ಯಾಹ್ನ ಅಲ್ಲೇ ಪ್ರಸಾದದ ಊಟ ಮಾಡಿ. ದಾರಿಯೂ ಚೆನ್ನಾಗಿದೆ, ತಡಿಯಂಡಮೋಳ್ ಬೆಟ್ಟ ಆ ಕಡೆಯೇ.

ಒಂದು ಮಾತು, ಕೊಡಗು ಎಂದರೆ ಮಾಂಸ ಎನ್ನುವವರ ಮಾತು ಪೂರ್ತಿ ನಂಬಬೇಡಿ. ಅಮ್ಮ ಕೊಡವರು ಎಂಬ ಸಣ್ಣ ಸಮುದಾಯ ಇದೆ. ಮಾತು ಕೊಡವ ತಕ್ಕ್, ಆದರೆ ಮಾಂಸ, ಮದ್ಯ ಎರಡೂ ಇಲ್ಲ. ಸೋಮವಾರಪೇಟೆ, ಶನಿವಾರಸಂತೆ ಕಡೆ ನಮ್ಮ ಹಾಗೆ ಲಿಂಗಾಯತರ ಮನೆಗಳು ಬೇಕಾದಷ್ಟು. 1834ರ ತನಕ ಕೊಡಗನ್ನು ಆಳಿದ ಹಾಲೇರಿ ಅರಸರೂ ಲಿಂಗಾಯತರೇ. ಸಸ್ಯಾಹಾರ ಅಲ್ಲಿಗೆ ನಾವು ಬಸ್ಸಲ್ಲಿ ಹೊತ್ತುಕೊಂಡು ಹೋದದ್ದಲ್ಲ.

ವಾಪಸ್ ಬರುವಾಗ ಕುಶಾಲನಗರದ ಸೇತುವೆ ದಾಟಿದರೆ ಬೈಲುಕುಪ್ಪೆ. ಅದು ಮೈಸೂರು ಜಿಲ್ಲೆ, 1961ರಲ್ಲಿ ಟಿಬೆಟನ್ನರು ಬಂದು ನೆಲೆಸಿದ ಜಾಗ. ಎಲ್ಲರೂ ಚಿನ್ನದ ಬುದ್ಧನ ಫೋಟೊ ತೆಗೆದು ಹೊರಡುತ್ತಾರೆ. ನೀವು ಕೂತು ಲಫಿಂಗ್ ಎಂಬ ಟಿಬೆಟನ್ ತಿಂಡಿ ತಿನ್ನಿ. ಹೆಸರುಕಾಳಿನ ಪಿಷ್ಟದಿಂದ ಮಾಡುತ್ತಾರೆ, ತಣ್ಣಗೆ, ಜಾರುತ್ತದೆ, ಮೇಲೆ ಬೆಳ್ಳುಳ್ಳಿ, ಹುಳಿ, ಖಾರದೆಣ್ಣೆ. ತುಕ್ಪಾ (ನೂಡಲ್ಸ್ ಸೂಪ್) ತಿನ್ನುವುದಾದರೆ ಮಾತ್ರ ಅದರ ನೀರು ಯಾವುದು ಎಂದು ಕೇಳಿಯೇ ತಗೊಳ್ಳಿ. ಮೇಲೆ ತರಕಾರಿ ಇದ್ದರೂ ಸಾರು ಮೂಳೆ ಬೇಯಿಸಿದ ನೀರಿನದ್ದಿರಬಹುದು.

ಯಾವ ತಿಂಗಳು ಹೋಗುತ್ತೀರಿ ಎಂದು ನೀವು ಬರೆದಿಲ್ಲ. ಅದನ್ನು ಹೇಳಿ, ಆಗ ಏನೇನು ಕೇಳಿ ಮಾಡಿಸಿಕೊಳ್ಳಬೇಕು ಎಂದು ಇನ್ನೂ ಸರಿಯಾಗಿ ಬರೆಯುತ್ತೇನೆ. ಜುಲೈ ಆದರೆ ಕೊಡೆ ಜೊತೆ ಗಟ್ಟಿ ಚಪ್ಪಲಿ ಇರಲಿ, ಜಿಗಣೆ ಕಾಟ ಇರುತ್ತದೆ.