ಕೊರಳಲ್ಲಿ ಕಾರ್ಡಿಲ್ಲದ ದಿನ

ಪತ್ರ: ಗುರುತಿನ ಚೀಟಿ ಮರೆತು ಹೋದಳೆಂದು ಏಳನೇ ತರಗತಿಯ ನನ್ನ ಮಗಳಿಗೆ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಕೊಡಲಿಲ್ಲ. ಮೂರು ವರ್ಷದಿಂದ ಅವಳನ್ನು ಬಲ್ಲ ಟೀಚರೇ ಹೀಗೆ ಮಾಡಿದರೆ ಹೇಗೆ? ಈ ನಿಯಮವನ್ನೇ ತೆಗೆದುಹಾಕಿ ಎಂದು ನೀವು ಬರೆಯಬಾರದೇ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಸಂಪಾದಕರ ಉತ್ತರ: ಹಾಗೆ ಬರೆಯಲಾರೆ. ನನ್ನದೇ ಒಂದು ಹಳೆಯ ಕಳ್ಳಾಟ ಅದಕ್ಕೆ ಕಾರಣ. ಎಂಟನೇ ತರಗತಿಯಲ್ಲಿದ್ದಾಗ ಗೆಳೆಯನ ಹೆಸರು ಹೇಳಿ ಪುಸ್ತಕವೊಂದನ್ನು ಒಯ್ದಿದ್ದೆ. ಅದು ಮಳೆಯಲ್ಲಿ ನೆನೆದು ಉಬ್ಬಿತು. ದಂಡ ತೆತ್ತವನು ಅವನು. ಕಾರ್ಡು ಕೇಳಿದ್ದರೆ ನನ್ನ ಆಟ ನಡೆಯುತ್ತಿರಲಿಲ್ಲ. ಟೀಚರ ಕಷ್ಟವನ್ನೂ ನೋಡಿ. ಎಷ್ಟೋ ಶಾಲೆಗಳಲ್ಲಿ ಗ್ರಂಥಪಾಲಕರೇ ಇಲ್ಲ. ಕನ್ನಡವನ್ನೋ ಹಿಂದಿಯನ್ನೋ ಕಲಿಸುವವರ ಕೈಗೆ ಕಪಾಟಿನ ಬೀಗದ ಕೈ ಬಂದಿರುತ್ತದೆ. ವರ್ಷದ ಕೊನೆಗೆ ಪುಸ್ತಕ ಎಣಿಸುವಾಗ ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವರೂ ಅವರೇ.

ಆದರೆ ಮಗುವನ್ನು ಬರಿಗೈಯಲ್ಲಿ ಕಳುಹಿಸಿದ್ದು ತಪ್ಪು. ಕಾರ್ಡು ಇರುವುದು ಮಗು ಯಾರೆಂದು ತಿಳಿಯುವುದಕ್ಕೆ. ಅದು ತಿಳಿದೇ ಇದ್ದಾಗ ರಿಜಿಸ್ಟರಿನಲ್ಲಿ ತರಗತಿ, ಹಾಜರಿ ಸಂಖ್ಯೆ, ಪುಸ್ತಕದ ಸಂಖ್ಯೆ ಬರೆದು ಸಹಿ ಹಾಕಿಸಿಕೊಂಡಿದ್ದರೆ ಸಾಕಿತ್ತು. ವಾರಕ್ಕೆ ಒಂದೇ ಲೈಬ್ರರಿ ಪೀರಿಯಡ್ ಇರುವ ಶಾಲೆಯಲ್ಲಿ 'ಕಾರ್ಡು ತಂದು ಒಯ್ಯಿ' ಎಂದರೆ ಮುಂದಿನ ವಾರ ಬಾ ಎಂದೇ ಅರ್ಥ. ನಮ್ಮ ಜುಲೈ ತಿಂಗಳಲ್ಲಿ ಸರಿಯಾಗಿ ಅದೇ ದಿನ ಜಿಲ್ಲಾಧಿಕಾರಿಗಳು ಮಳೆ ರಜೆ ಸಾರಿದರೆ ಇನ್ನೂ ಒಂದು ವಾರ. ಅಷ್ಟರಲ್ಲಿ ಓದುವ ಆಸೆ ಆರಿರುತ್ತದೆ. ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ನಾಲ್ಕನೆಯದು ಓದುಗನ ಸಮಯ ಉಳಿಸಿ ಎಂಬುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಕೂಡ ಪ್ರತಿ ಶಾಲೆಗೂ ಗ್ರಂಥಾಲಯ ಬೇಕು, ಅದರಲ್ಲಿ ಕತೆ ಪುಸ್ತಕಗಳೂ ಬೇಕು ಎನ್ನುತ್ತದೆ. ಅವು ಕಪಾಟಿನ ಗಾಜಿನೊಳಗೆ ಕಂಡರೆ ಸಾಲದು ತಾನೇ?

ಮರೆವಿನ ಮಾತಿಗೆ ಬಂದರೆ, ವಾರದಲ್ಲಿ ಎರಡು ಬಗೆಯ ಸಮವಸ್ತ್ರವಿರುವ ಮಕ್ಕಳ ಕಾರ್ಡು ಒಂದಲ್ಲ ಒಂದು ದಿನ ಒದ್ದೆ ಅಂಗಿಯ ಜೊತೆ ಮನೆಯ ಹಗ್ಗದಲ್ಲಿ ನೇತಾಡುವುದೇ. ಆದ್ದರಿಂದ ಗ್ರಂಥಾಲಯದ ಕಾರ್ಡು ಬೇರೆಯೇ ಇರಲಿ. ಅದು ಮನೆಗೆ ಬರುವುದೇ ಬೇಡ. ತರಗತಿವಾರು ಪೆಟ್ಟಿಗೆಯಲ್ಲಿ ಟೀಚರ ಬಳಿ ಇರಲಿ. ಅದಕ್ಕೊಂದು ಫೋಟೋ ಅಂಟಿಸಿದರೆ ನನ್ನಂಥವರ ಆಟವೂ ನಡೆಯದು.

ಪೋಷಕರ ಸಭೆಯಲ್ಲಿ ಇಷ್ಟನ್ನು ಕೇಳಿ; ಆ ಟೀಚರ ಹೆಸರೆತ್ತಬೇಡಿ. ಅಂದ ಹಾಗೆ, ಮಗಳು ಅಂದು ಆರಿಸಿದ್ದ ಪುಸ್ತಕ ಯಾವುದೆಂದು ನೀವು ಬರೆದಿಲ್ಲ. ಅದಿನ್ನೂ ಕಪಾಟಿನಲ್ಲಿದೆಯೋ, ಬೇರೆ ಯಾರಾದರೂ ಒಯ್ದರೋ?