ಹ್ಯಾಮರ್ ಡ್ರಾಕುಲಾ: ಯಾವುದರಿಂದ ಆರಂಭಿಸಬೇಕು?

ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಡ್ರಾಕುಲಾ ಚಿತ್ರಗಳಲ್ಲಿ ಮೊದಲು ಯಾವುದನ್ನು ನೋಡಬೇಕು, ಈಗ ನೋಡಿದರೆ ನಗು ಬರುವುದಿಲ್ಲವೇ ಎಂದು ಕೇಳಿದ್ದೀರಿ. ಬರುತ್ತದೆ. ನಂತರದ ಚಿತ್ರಗಳ ರಬ್ಬರ್ ಬಾವಲಿಯನ್ನು ಕಂಡು ನಾನೂ ನಕ್ಕಿದ್ದೇನೆ.

ಆದರೆ 1958ರ ‘ಡ್ರಾಕುಲಾ’ದಿಂದ ಆರಂಭಿಸಿ, ನಿರ್ದೇಶಕ ಟೆರೆನ್ಸ್ ಫಿಶರ್. ಡ್ರಾಕುಲಾ ಪಾತ್ರದ ಕ್ರಿಸ್ಟೋಫರ್ ಲೀ ಮೊದಲು ಮೆಟ್ಟಿಲಿಳಿದು ಬರುವುದು ಸಭ್ಯ ಆತಿಥೇಯನಂತೆ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಕೆಂಡದಂಥ ಕಣ್ಣು, ರಕ್ತ ಮೆತ್ತಿದ ಬಾಯಿಯೊಂದಿಗೆ ಎದುರು ನಿಲ್ಲುತ್ತಾನೆ. ಕಪ್ಪು-ಬಿಳುಪಿನ ಪಿಶಾಚಿಗಳಿಗೆ ಒಗ್ಗಿದ್ದ ಪ್ರೇಕ್ಷಕರಿಗೆ ಆ ಕೆಂಪು ಹೇಗಿದ್ದಿರಬೇಕು, ಯೋಚಿಸಿ! ಜೇಮ್ಸ್ ಬರ್ನಾರ್ಡ್ ಅವರ ಸಂಗೀತವನ್ನು ಕಿವಿಗೊಟ್ಟು ಕೇಳಿ: ಮೂರೇ ಸ್ವರಗಳು ‘ಡ್ರಾ-ಕು-ಲಾ’ ಎಂದು ಹೆಸರು ಕೂಗುತ್ತವೆ. ಕೊನೆಯಲ್ಲಿ, ಡ್ರಾಕುಲಾನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಪಾತ್ರದ ಪೀಟರ್ ಕುಶಿಂಗ್ ಮೇಜಿನ ಮೇಲೆ ಓಡಿ ಪರದೆ ಕಿತ್ತು, ಎರಡು ಮೇಣದಬತ್ತಿ ಸ್ಟ್ಯಾಂಡ್‌ಗಳನ್ನು ಶಿಲುಬೆಯಾಗಿಸುತ್ತಾರೆ. ಆ ಉಪಾಯ ನಟ ಕುಶಿಂಗ್ ಅವರದೇ. ಪವಾಡವನ್ನೂ ಅವರು ವೈದ್ಯನ ಗಂಭೀರತೆಯಿಂದ ಅಭಿನಯಿಸುತ್ತಾರೆ. ನಾವು ನಂಬುವುದು ಅದಕ್ಕೇ.

ಮುಂದೆ 1960ರ ‘ದಿ ಬ್ರೈಡ್ಸ್ ಆಫ್ ಡ್ರಾಕುಲಾ’. ಹೆಸರಿನಲ್ಲಿರುವ ಡ್ರಾಕುಲಾ ಚಿತ್ರದಲ್ಲಿ ಇಲ್ಲವೇ ಇಲ್ಲ, ಆದರೂ ನನಗೆ ಅದೇ ಹೆಚ್ಚು ಇಷ್ಟ. 1966ರದರಲ್ಲಿ ಲೀ ಮರಳುತ್ತಾರೆ, ಒಂದು ಮಾತನ್ನೂ ಆಡುವುದಿಲ್ಲ. ಡ್ರಾಕುಲಾ ಪ್ರಭುವನ್ನು ಸಮಕಾಲೀನ ಲಂಡನ್ನಿಗೆ ತಂದ 1972ರ ಚಿತ್ರವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.